ಖಾಲಿ ಮೆಟ್ಟಿಲುಗಳ ಮುಂದೆ ಗಿಲ್ಮೋರ್ ಕಛೇರಿ

ಕಛೇರಿಗೆ ಜನ ಬರಲಿಲ್ಲವೆಂದರೆ ಕಲಾವಿದನಿಗೆ ಅವಮಾನ, ಸಂಘಟಕನಿಗೆ ದಿವಾಳಿ. ಜನ ಬರಲೇಬಾರದು ಎಂದು ಮೊದಲೇ ತೀರ್ಮಾನಿಸಿ, ಸುಮಾರು ಇಪ್ಪತ್ತು ಸಾವಿರ ಮಂದಿ ಕೂರಬಹುದಾದ ಜಾಗದಲ್ಲಿ ಕಛೇರಿ ನಡೆಸಿ, ಅದನ್ನು ಸಿನಿಮಾ ಮಾಡಿ, ಆ ಸಿನಿಮಾಕ್ಕೆ ಟಿಕೆಟ್ ಮಾರಿದವರೂ ಇದ್ದಾರೆ. ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡ 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೇಯ ಪಾಳು ಆಂಫಿಥಿಯೇಟರಿನಲ್ಲಿ ಮಾಡಿದ್ದು ಇದನ್ನೇ. ಆ ಹಳೆಯ ಚಿತ್ರವನ್ನು ತೊಳೆದು ಬೆಳಗಿ, 4ಕೆ ಮಾಡಿ, 2025ರ ಏಪ್ರಿಲ್ 24ರಂದು ಐಮ್ಯಾಕ್ಸ್ ಪರದೆಗೂ ಏರಿಸಿದರು.

ಪ್ರೇಕ್ಷಕರನ್ನು ಹೊರಗಿಟ್ಟದ್ದರಲ್ಲಿ ವಿವೇಕವೂ ಇತ್ತೆನ್ನಿ. ಕ್ರಿ.ಶ. 59ರಲ್ಲಿ ಇದೇ ಮೆಟ್ಟಿಲುಗಳ ಮೇಲೆ ಪಾಂಪೇಯವರೂ ಪಕ್ಕದ ನುಕೇರಿಯಾದವರೂ ಗ್ಲಾಡಿಯೇಟರ್‌ಗಳ ಕಾಳಗ ನೋಡಲು ಬಂದು, ತಾವೇ ಕಾಳಗಕ್ಕೆ ಇಳಿದರು. ರೋಮ್ ಸರ್ಕಾರ ಹತ್ತು ವರ್ಷ ಆಟ ನಿಲ್ಲಿಸಿತು. ಗಲಾಟೆಯಾಗಿ ಸುಮಾರು ಇಪ್ಪತ್ತು ವರ್ಷಕ್ಕೆ ವೆಸೂವಿಯಸ್ ಜ್ವಾಲಾಮುಖಿ ಊರನ್ನೇ ಮುಚ್ಚಿತು.

ನಿರ್ದೇಶಕ ಏಡ್ರಿಯನ್ ಮೇಬನ್‌ಗೆ ಈ ಜಾಗ ಹೊಳೆದದ್ದು ಪಾಸ್‌ಪೋರ್ಟ್ ಕಳೆದುಕೊಂಡ ಪುಣ್ಯದಿಂದ. ಪ್ರವಾಸಕ್ಕೆ ಬಂದಿದ್ದ ಪುಣ್ಯಾತ್ಮ ಅದನ್ನು ಹುಡುಕುತ್ತಾ ಮುಸ್ಸಂಜೆಯಲ್ಲಿ ಆಂಫಿಥಿಯೇಟರಿಗೆ ಮರಳಿದ. ಅಲ್ಲಿನ ಮೌನ ಕೇಳಿ, ಜನಸಾಗರ ತೋರಿಸುವ ‘ವುಡ್‌ಸ್ಟಾಕ್’ ಸಿನಿಮಾದ ಮಾದರಿಗೆ ತಿರುಮಂತ್ರ ಇದೇ ಎಂದುಕೊಂಡ. ಲಂಡನ್ನಿನಿಂದ ಲಾರಿಗಟ್ಟಲೆ ಸಾಮಾನು ಬಂದವು. ಬಂದ ಮೇಲೆ ನೋಡಿದರೆ ಕರೆಂಟ್ ಸಾಲದು! ಕೊನೆಗೆ ಊರೊಳಗಿನಿಂದ ಬೀದಿಯುದ್ದಕ್ಕೂ ಕೇಬಲ್ ಎಳೆದರು.

ಇನ್ನು ನಮ್ಮ ನಾಯಕ, ಗಿಟಾರಿನ ಡೇವಿಡ್ ಗಿಲ್ಮೋರ್. ಆಗ ವಯಸ್ಸು 25. ಉದ್ದ ಕೂದಲು, ಬರಿಮೈ, ಮೊರದಲ್ಲಿ ಅಕ್ಕಿ ಆರಿಸುವವರ ನಿರಾತಂಕ. ಆ ಕಾಲದ ಉಳಿದ ವೀರರು ಗಿಟಾರನ್ನು ಒಡೆಯುತ್ತಿದ್ದರು. ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಮಾಂಟೆರಿ ಸಂಗೀತೋತ್ಸವದಲ್ಲಿ ಅದಕ್ಕೆ ಬೆಂಕಿಯನ್ನೇ ಹಚ್ಚಿದ. ಗಿಲ್ಮೋರ್ ಬರೀ ನುಡಿಸಿದ. ಅದರ ಫಲ ನೋಡಿ: ಪಾಂಪೇಯ ಬಿಸಿಲು ಕಂಡ ಆ ಕಪ್ಪು ಸ್ಟ್ರಾಟೋಕಾಸ್ಟರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಯಿತು, ದುಡ್ಡು ಸತ್ಕಾರ್ಯಕ್ಕೆ ಸಂದಿತು. ‘ಎಕೋಸ್’ ಹಾಡಿನ ನಡುವೆ ಕಡಲಹಕ್ಕಿ ಕಿರುಚಿದಂತೆ ಕೇಳುವ ಸದ್ದೂ ಈತನ ಗಿಟಾರಿನದೇ. ವಾ-ವಾ ಪೆಡಲಿಗೆ ವೈರನ್ನು ಉಲ್ಟಾ ಚುಚ್ಚಿದಾಗ ಬರುವ ಕೂಗು ಅದು. ನಾವು ಉಲ್ಟಾ ಚುಚ್ಚಿದರೆ ಫ್ಯೂಸ್ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಚಿತ್ರದ ಮೂಲ ನೆಗೆಟಿವ್ ಸಿಕ್ಕಿದ್ದು ತಂಡದ ಸ್ವಂತ ಉಗ್ರಾಣದಲ್ಲೇ, ನಂಬಲಾಗದ ಲೇಬಲ್ ಹೊತ್ತ ಐದು ಡಬ್ಬಿಗಳಲ್ಲಿ! ರಿಪೇರಿಯ ಹೊಣೆ ಹೊತ್ತ ಲಾನಾ ಟಾಪಮ್ ಅದನ್ನು ಒಂದೊಂದೇ ಫ್ರೇಮಿನಂತೆ ಹಸನು ಮಾಡಿಸಿದರು. ಸಂಗೀತಗಾರ ಸ್ಟೀವನ್ ವಿಲ್ಸನ್ ಸದ್ದನ್ನು ಹೊಸದಾಗಿ ಹದಗೊಳಿಸಿದರು. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಮಂಕು ಕವಿದಿದ್ದ ಕಲ್ಲುಗಳಿಗೆ ಈಗ ಬಣ್ಣವಿದೆ, ತಂತಿಯ ಮೇಲಿನ ಬೆರಳಿಗೆ ಭಾರವಿದೆ. ಇಷ್ಟಾದರೂ ‘ಹಳೆಯ ಮಸುಕಿನಲ್ಲೇ ಮಜಾ ಇತ್ತು’ ಎಂದು ಗೊಣಗುವ ಅಭಿಮಾನಿಗಳಿದ್ದಾರೆ. ಅಂಥವರು ಕನ್ನಡಕ ತೆಗೆದು ನೋಡಲಿ, ಖರ್ಚಿಲ್ಲ.

ಆದರೆ ರಿಪೇರಿಗೂ ಒಂದು ಮಿತಿಯುಂಟು. ಬಳಸದೆ ಉಳಿದಿದ್ದ ಚಿತ್ರಿಕೆಯ 548 ಡಬ್ಬಿಗಳನ್ನು ಹಿಂದೆಯೇ ಸುಟ್ಟುಬಿಟ್ಟರೆಂದು ಮೇಬನ್ನೇ ಹೇಳಿದ್ದಾರೆ. ‘ಒನ್ ಆಫ್ ದೀಸ್ ಡೇಸ್’ ಹಾಡಿನ ರೀಲುಗಳು ಕಳೆದುಹೋದ ಕಾರಣ ತೆರೆಯ ತುಂಬಾ ಡ್ರಮ್ಮರ್ ನಿಕ್ ಮೇಸನ್ನೇ. ಗಿಟಾರ್ ಭಕ್ತರಿಗೆ ಹೊಟ್ಟೆಯುರಿ! ಆತನ ಕೈಯಿಂದ ಕೋಲು ಹಾರಿಹೋದರೂ ತಾಳ ತಪ್ಪುವುದಿಲ್ಲ, ಆದ್ದರಿಂದ ಕ್ಷಮಿಸೋಣ. ಪಾಂಪೇಯಲ್ಲಿ ಗಡ್ಡವಿದ್ದ ಕೀಬೋರ್ಡಿನ ರಿಚರ್ಡ್ ರೈಟ್, ಆಮೇಲೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಚಿತ್ರಿಸಿದ ಭಾಗಕ್ಕೆ ಬರುವಾಗ ನುಣ್ಣಗೆ ಬೋಳಿಸಿಕೊಂಡಿದ್ದಾನೆ. 4ಕೆ ಆ ಗಡ್ಡವನ್ನು ಬೆಳೆಸಲಾಗದು. ಬದಲಿಗೆ ಬೋಳಿಸಿದ್ದನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಪ್ಯಾರಿಸ್ಸಿನಲ್ಲೇ ಒಂದು ನಾಯಿಯ ಗಾಯನವೂ ಇದೆ. ಹೆಸರು ನಾಬ್ಸ್, ರಷ್ಯನ್ ತಳಿ. ರೈಟ್ ಮೈಕು ಹಿಡಿದರೆ, ಗಿಲ್ಮೋರ್ ಮೌತ್ ಆರ್ಗನ್ ಊದುತ್ತಾನೆ, ನಾಯಿ ಮನಸಾರೆ ಊಳಿಡುತ್ತದೆ. ಶ್ರುತಿಯ ಬಗ್ಗೆ ಹೇಳಲಾರೆ, ಭಾವ ನೂರಕ್ಕೆ ನೂರು. ಚಿತ್ರದ ಇನ್ನೊಂದು ಭಾಗದಲ್ಲಿ, ಅತ್ತ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಹುಟ್ಟುತ್ತಿರುವಾಗ, ಕ್ಯಾಂಟೀನಿನಲ್ಲಿ ಮೇಸನ್ನನ ಚಿಂತೆ ಒಂದೇ: ಮೇಲುಹೊದಿಕೆಯಿಲ್ಲದ ಪೈ ಸಿಗುತ್ತದೆಯೆ? ಯುಗಪ್ರವರ್ತಕರಿಗೂ ಹೊಟ್ಟೆಯ ಪಾಡು ತಪ್ಪದು.

ಕುದಿಯುವ ಕೆಸರು, ಹೊಗೆಯುಗುಳುವ ನೆಲ, ಅದರ ಮೇಲೆ ಗಂಭೀರವಾಗಿ ನಡೆದಾಡುವ ನಾಲ್ವರು, ಇಷ್ಟನ್ನು ಅರ್ಧಕ್ಕೆ ಇಳಿಸಬಹುದಿತ್ತು. ಗಿಲ್ಮೋರ್ ಕೈ ನೋಡುವ ಭಾಗ ಮಾತ್ರ ಇನ್ನೂ ಬೇಕೆನಿಸುತ್ತದೆ. ಆತ 2016ರಲ್ಲಿ, 70 ದಾಟಿದ ಮೇಲೆ, ಮತ್ತೆ ಅಲ್ಲಿಗೇ ಹೋಗಿ ಜನರ ಮುಂದೆ ನುಡಿಸಿದ. ಅದೂ ಸಿನಿಮಾ ಆಗಿದೆ. ಎರಡರಲ್ಲಿ ಒಂದನ್ನೇ ನೋಡುವುದಾದರೆ ಖಾಲಿ ಮೆಟ್ಟಿಲಿನದನ್ನೇ ಆರಿಸಿ. ದೊಡ್ಡ ಪರದೆ ಸಿಗದಿದ್ದರೆ ಒಳ್ಳೆಯ ಹೆಡ್‌ಫೋನಾದರೂ ಇರಲಿ, ಮತ್ತು ದಯವಿಟ್ಟು ‘ಎಕೋಸ್’ ಅನ್ನು ಮುಂದಕ್ಕೆ ಓಡಿಸಬೇಡಿ.