ಇಂದು ಉದ್ರಿ, ನಾಳೆಯೂ ಉದ್ರಿ

ಹಳೆಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ತೂಗುತ್ತಿತ್ತು. ಬೆಂಗಳೂರಿನ ಸಣ್ಣ ಐಟಿ ಕಂಪನಿಗಳ ಗೋಡೆಯ ಮೇಲೆ ಅಂಥದ್ದೇನೂ ಇಲ್ಲ. ಅಲ್ಲಿರುವುದು ಜಗತ್ತನ್ನು ಬದಲಿಸುತ್ತೇವೆಂಬ ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ನೀರು ಕಾಣದ ಮನಿಪ್ಲಾಂಟ್. ಕಿರಾಣಿ ಶೆಟ್ಟರಿಗೆ ತಾವು ಏನು ಮಾರುತ್ತಿದ್ದೇವೆ ಎಂಬುದು ಗೊತ್ತಿತ್ತು. ಮೂವತ್ತು ಜನರ ಐಟಿ ಕಂಪನಿಗೆ ಅದೇ ಗೊತ್ತಿಲ್ಲ. ಸಾಫ್ಟ್‌ವೇರ್ ಮಾರುತ್ತಿದ್ದೇನೆ ಅಂದುಕೊಂಡಿದೆ. ಅದು ಮಾರುತ್ತಿರುವುದು ಉದ್ರಿ. ಸಾಫ್ಟ್‌ವೇರ್ ಅದರ ಮೇಲಿನ ಕೊಸರು.

ಐಟಿ ಅಂದ ಕೂಡಲೇ ಕಣ್ಣಿಗೆ ಬರುವುದು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ಕೊರಳ ಬ್ಯಾಡ್ಜು, ಕ್ಯಾಂಟೀನಿನಲ್ಲಿ ನಾಲ್ಕು ದೇಶದ ಊಟ. ನಾನು ಹೇಳುತ್ತಿರುವುದು ಅವರ ಕಥೆಯಲ್ಲ. ಜೆ.ಪಿ. ನಗರದ ಯಾವುದೋ ಅಡ್ಡರಸ್ತೆ, ಕೆಳಗೆ ದರ್ಶಿನಿ, ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಎರಡನೆಯದರಲ್ಲಿ ಕಂಪನಿ. ಲಿಫ್ಟ್ ಇದೆ, ‘ದುರಸ್ತಿಯಲ್ಲಿದೆ’ ಎಂಬ ಬೋರ್ಡೂ ಇದೆ. ಹನ್ನೊಂದೂವರೆಗೆ ದರ್ಶಿನಿಯ ಸಾಂಬಾರಿನ ಒಗ್ಗರಣೆ ಮೇಲೇರಿ ಬಂದರೆ, ಮುಂಬೈ ಕ್ಲೈಂಟಿನ ಕಾಲ್‌ನಲ್ಲಿ ಇರುವವರೆಲ್ಲ ಮ್ಯೂಟ್ ಒತ್ತಿ ಸೀನುತ್ತಾರೆ. ಮೂವತ್ತು ಜನರಲ್ಲಿ ಆರು ಮಂದಿ ವೈಸ್ ಪ್ರೆಸಿಡೆಂಟ್‌ಗಳು. ಸಂಬಳ ಏರಿಸಲು ದುಡ್ಡಿಲ್ಲದ ವರ್ಷಗಳಲ್ಲಿ ಹುದ್ದೆ ಏರಿಸಿದ್ದರ ಫಲ ಅದು. ವಿಸಿಟಿಂಗ್ ಕಾರ್ಡ್ ಇವತ್ತೇ, ಅದಕ್ಕೆ ತಕ್ಕ ಸಂಬಳ ಮುಂದಿನ ಏಪ್ರಿಲ್‌ಗೆ. ಯಾವ ಇಸವಿಯ ಏಪ್ರಿಲ್ ಎಂದು ಯಾರೂ ಕೇಳುವುದಿಲ್ಲ, ಕೇಳಿದವರು ವೈಸ್ ಪ್ರೆಸಿಡೆಂಟ್ ಆಗುವುದಿಲ್ಲ.

ವ್ಯವಹಾರ ನಡೆಯುವ ಬಗೆ ಹೀಗೆ. ದೊಡ್ಡ ಕಂಪನಿಯೊಂದು ಕೆಲಸ ಕೊಡುತ್ತದೆ. ಪರ್ಚೇಸ್ ಆರ್ಡರಿನ ತುದಿಯಲ್ಲಿ, ಭೂತಗನ್ನಡಿ ಹಿಡಿದರಷ್ಟೇ ಕಾಣುವ ಅಕ್ಷರದಲ್ಲಿ, ಬಿಲ್ ಅಂಗೀಕಾರವಾದ 90 ದಿನಕ್ಕೆ ಪಾವತಿ ಎಂದಿರುತ್ತದೆ. ಮಾಲೀಕರು ಸಹಿ ಹಾಕಿ ಆಫೀಸಿಗೆಲ್ಲ ಮೈಸೂರುಪಾಕು ಹಂಚುತ್ತಾರೆ. ಕೆಲಸ ಮುಗಿಯಿತು, 10 ಲಕ್ಷದ ಬಿಲ್ ಹೋಯಿತು ಅನ್ನಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 1.8 ಲಕ್ಷ. ಕ್ಲೈಂಟ್ ದುಡ್ಡು ಕೊಟ್ಟನೋ ಬಿಟ್ಟನೋ ಸರ್ಕಾರಕ್ಕೆ ಸಂಬಂಧವಿಲ್ಲ. ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟಿದ ಪುಣ್ಯ ಇವರದು. ಆ ತೆರಿಗೆಯ ಕ್ರೆಡಿಟ್ ಪಡೆಯುವ ಭಾಗ್ಯ, ಇನ್ನೂ ಒಂದು ಪೈಸೆ ಬಿಚ್ಚದ ಕ್ಲೈಂಟಿನದು. ಹಾಗೆಂದು ಕಾನೂನು ಪೂರ್ತಿ ಕಣ್ಣು ಮುಚ್ಚಿಲ್ಲ. 180 ದಿನವಾದರೂ ದುಡ್ಡು ಕೊಡದಿದ್ದರೆ ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಆ ಕಾರಣಕ್ಕೆ ದೊಡ್ಡ ಕಂಪನಿಯ ಲೆಕ್ಕ ವಿಭಾಗದಲ್ಲಿ ಯಾರೋ ಒಬ್ಬರಿಗೆ 179ನೇ ದಿನ ಸರಿಯಾಗಿ ಎಚ್ಚರವಾಗುತ್ತದೆ.

ದುಡ್ಡು ಬಂದಾಗಲೂ ಪೂರ್ತಿ ಬರುವುದಿಲ್ಲ. ತಾಂತ್ರಿಕ ಸೇವೆಯಾದರೆ ಟಿಡಿಎಸ್ ಶೇ 2, ವೃತ್ತಿಪರ ಸೇವೆಯಾದರೆ ಶೇ 10. ಕೋಡ್ ಬರೆಯುವುದು ಯಾವುದು? ಇಂಥ ತತ್ತ್ವಜಿಜ್ಞಾಸೆಗೆ ಸಮಯವಿಲ್ಲದ ಕ್ಲೈಂಟ್, ಯಾವುದಕ್ಕೂ ಇರಲಿ ಎಂದು ಹತ್ತನ್ನೇ ಹಿಡಿಯುತ್ತಾನೆ. ಇತ್ತ ತಿಂಗಳ ಕೊನೆಗೆ ಸಂಬಳ, 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿ. ಮಾಲೀಕರು ಮನೆಪತ್ರ ಬ್ಯಾಂಕಿಗಿಟ್ಟು ಓವರ್‌ಡ್ರಾಫ್ಟ್ (ಓಡಿ) ಎತ್ತುತ್ತಾರೆ, ಅದೂ ಸಾಲದಿದ್ದರೆ ಹೆಂಡತಿಯ ಬಳೆ. ಸಾವಿರಾರು ಕೋಟಿ ನಗದನ್ನು ಠೇವಣಿಯಲ್ಲಿಟ್ಟು ಬಡ್ಡಿ ಎಣಿಸುವ ಕಂಪನಿಗೆ, ಬಳೆ ಅಡವಿಟ್ಟ ಮನುಷ್ಯ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ. ಅದೂ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದೆ.

ಈ ಬ್ಯಾಂಕಿನ ವಸೂಲಿ ಅಧಿಕಾರಿ ಅಕೌಂಟ್ಸ್ ಮೇಡಂ. ಕಂಪನಿಯಲ್ಲಿ ಜಾವಾ ಬಲ್ಲವರು ಎಂಟು ಜನ, ಕ್ಲೌಡ್ ಬಲ್ಲವರು ಐದು ಜನ, ದುಡ್ಡು ತರಬಲ್ಲವರು ಈಕೆ ಒಬ್ಬರೇ. ಬೆಳಿಗ್ಗೆ ಹತ್ತೂಕಾಲಿಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ದನಿಗೆ ಒಂದಿಷ್ಟು ಬೆಣ್ಣೆ ಸವರಿ ಫೋನ್ ಎತ್ತುತ್ತಾರೆ.

‘ಸರ್, ನಮಸ್ಕಾರ. ಮಾರ್ಚ್ ಬಿಲ್ಲು…’

‘ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡಿದೀರಾ ಮೇಡಂ?’

‘ಮಾಡಿದೀನಿ ಸರ್. ಮೊದಲನೇದಕ್ಕೆ ಉತ್ತರ ಬರ್ಲಿಲ್ಲ ಅಂತ ನೀವೇ ಹೇಳಿದ್ರಿ, ಇನ್ನೊಂದ್ಸಲ ಮಾಡಿದೆ.’

‘ಅದೇ ಆಗಿರೋದು ನೋಡಿ. ಡೂಪ್ಲಿಕೇಟ್ ಅಂತ ರಿಜೆಕ್ಟ್ ಆಗಿದೆ.’

‘ಎರಡನೇದು ತಾನೇ ಸರ್?’

‘ಎರಡೂ.’

‘ಮೊದಲನೇದು ಯಾಕೆ ಸರ್ ಪಾಪ?’

‘ಅದಕ್ಕೆ ಜಿಆರ್‌ಎನ್ ಆಗಿಲ್ಲ ಮೇಡಂ.’

ಜಿಆರ್‌ಎನ್ ಅಂದರೆ ಸರಕು ಬಂದು ಮುಟ್ಟಿತು ಎಂಬ ಚೀಟಿ. ಸಿಮೆಂಟು ಮೂಟೆ ಎಣಿಸಿ ಗೋದಾಮಿಗೆ ಹಾಕುವವರಿಗೆಂದು ಹುಟ್ಟಿದ್ದು. ಸಾಫ್ಟ್‌ವೇರನ್ನು ಯಾರು ಎಣಿಸಬೇಕು, ಯಾವ ಗೋದಾಮಿನಲ್ಲಿ? ಆದರೂ ಕಾಲಂ ತುಂಬಬೇಕು. ತುಂಬಬೇಕಾದವರು ಬೇರೆ ವಿಭಾಗಕ್ಕೆ ಹೋಗಿದ್ದಾರೆ, ಅವರ ಜಾಗಕ್ಕೆ ಬಂದವರಿಗೆ ಲಾಗಿನ್ ಬಂದಿಲ್ಲ, ಲಾಗಿನ್ ಕೊಡಬೇಕಾದವರು ತಿರುಪತಿಗೆ ಹೋಗಿದ್ದಾರೆ. ಮೇಡಂ ಟಿಕೆಟ್ ಹಾಕುತ್ತಾರೆ. ಮಾರನೆಯ ದಿನ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಟಿಕೆಟ್ ತಾನಾಗಿಯೇ ಮುಚ್ಚಿಕೊಂಡು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುತ್ತದೆ. ಮೇಡಂ ಐದೂ ನಕ್ಷತ್ರ ಕೊಡುತ್ತಾರೆ. ಮುಂದಿನ ತಿಂಗಳು ಫೋನ್ ಮಾಡಬೇಕಾದದ್ದು ಅದೇ ಮನುಷ್ಯನಿಗೆ. ಅಂದಹಾಗೆ, ಆ ಪೋರ್ಟಲ್ಲಿನ ಅನುಮೋದನೆ ಭಾಗವನ್ನು ಬರೆದುಕೊಟ್ಟದ್ದು ಇದೇ ಕಂಪನಿ. ಅದರ ಕೊನೇ ಕಂತಿನ ಬಿಲ್ಲೂ ಅದರೊಳಗೇ ಎಲ್ಲೋ ಇದೆ.

ಕಾನೂನು ಇಲ್ಲವೇ ಎಂದು ಕೇಳಬೇಡಿ. ಇರುವಷ್ಟು ಕಾನೂನಿನಲ್ಲಿ ಇನ್ನೊಂದು ಕಂಪನಿ ನಡೆಸಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ದೂರು ಕೊಟ್ಟರೆ ಫೆಸಿಲಿಟೇಷನ್ ಕೌನ್ಸಿಲ್ 90 ದಿನದಲ್ಲಿ ತೀರ್ಮಾನಿಸಬೇಕು. ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗುವ ದೊಡ್ಡವನು ಮುಕ್ಕಾಲು ಪಾಲು ದುಡ್ಡನ್ನು ಮೊದಲೇ ಠೇವಣಿ ಇಡಬೇಕು. ದೂರು ಸಲ್ಲಿಸಲು 2017ರಲ್ಲಿ ‘ಸಮಾಧಾನ್’ ಎಂಬ ಪೋರ್ಟಲ್ ಬೇರೆ ಬಂತು. ಹೆಸರಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ಮಾಲೀಕರಿಗೆ ಈ ಕಲಮುಗಳೆಲ್ಲ ಬಾಯಿಪಾಠ. ರಾತ್ರಿ ನಿದ್ದೆ ಬಾರದಾಗ ಹೇಳಿಕೊಳ್ಳುತ್ತಾರೆ. ಹಗಲು ಕ್ಲೈಂಟ್ ಎದುರು ಕೂತಾಗ ಮಾತ್ರ ‘ಅಯ್ಯೋ ಪರವಾಗಿಲ್ಲ ಸರ್, ನಿಧಾನಕ್ಕೆ ಆಗಲಿ’ ಅನ್ನುತ್ತಾರೆ. ದೂರು ಕೊಟ್ಟರೆ ಹಳೆಯ ದುಡ್ಡು ಬರಬಹುದು, ಹೊಸ ಕೆಲಸವಂತೂ ಬರುವುದಿಲ್ಲ.

ಇದನ್ನು ಬಲ್ಲ ಸರ್ಕಾರ, ಸಣ್ಣವರು ದೂರು ಕೊಡದಿದ್ದರೂ ದೊಡ್ಡವರಿಗೆ ಚುರುಕು ಮುಟ್ಟಲಿ ಎಂದು 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ಕಲಮು ಸೇರಿಸಿತು. 2024ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸುವಂತಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ಒಳ್ಳೆಯ ಯೋಚನೆ, ನಿಜಕ್ಕೂ. ಹಾಗಾದರೆ ಆರ್ಡರು ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಯೇ ಇಲ್ಲದವರ ಕಡೆ ಸರಿದುಹೋದೀತು ಎಂದು ವ್ಯಾಪಾರಿ ಸಂಘಟನೆಗಳು ಆಗಲೇ ಗಾಬರಿಬಿದ್ದವು. ದಂಡ ಹಾಕಿದರೆ ಚಾಳಿ ಬಿಡುವುದಕ್ಕಿಂತ ದಂಡ ಬೀಳದ ಮನೆ ಹುಡುಕುವುದು ಸುಲಭ.

ಈ ನಡುವೆ ದೇಶದ ದೊಡ್ಡವರು ನಮಗೆ ಗಂಟೆ ಎಣಿಸುವುದನ್ನು ಕಲಿಸುತ್ತಿದ್ದಾರೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90 ಆಯಿತು. ಭಾನುವಾರ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂಬ ಕೊರಗು ಬೇರೆ. ನಡುವೆ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಐಟಿ ನೌಕರರ ಕೆಲಸದ ದಿನವನ್ನು 14 ಗಂಟೆಯವರೆಗೆ ಎಳೆಯುವ ಪ್ರಸ್ತಾವ ಬಂತು, ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ದುಡಿಯುವವನ ಗಂಟೆಯನ್ನು ಇಷ್ಟು ಅಕ್ಕರೆಯಿಂದ ಎಣಿಸುವವರಲ್ಲಿ ಒಬ್ಬರಾದರೂ, ಆ ಗಂಟೆಯ ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ ಎಂದು ಎಣಿಸಿದ್ದನ್ನು ನಾನು ಕೇಳಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ದುಡಿದು ಎರಡು ವಾರ ಮೊದಲೇ ಕೆಲಸ ಮುಗಿಸಿದರೆ ಸಿಗುವ ಲಾಭ ಏನು? ಎರಡು ವಾರ ಮೊದಲೇ ಕಾಯಲು ಶುರು ಮಾಡಬಹುದು.

ಈಗ ಎಐ ಬಂದಿದೆ. ಕ್ಲೈಂಟ್ ಫೋನ್ ಮಾಡಿ, ‘ಕೋಡೆಲ್ಲ ಅದೇ ಬರೆಯುತ್ತಲ್ಲ, ರೇಟು ಇಳಿಸಿ’ ಅನ್ನುತ್ತಾನೆ. ಸರಿ, ಇಳಿಸಿದರು. ವಾರದ ಕೆಲಸ ದಿನದಲ್ಲಿ ಮುಗಿಯುತ್ತದೆ ಎಂದು ಒಪ್ಪಿದರು, ಅದನ್ನು ತಿದ್ದಲು ಇನ್ನೊಂದು ವಾರ ಬೇಕು ಎಂಬುದನ್ನು ಹೇಳಲಿಲ್ಲ. ಆದರೆ ಅದೇ ಕ್ಲೈಂಟಿನ ಮನೆಯಲ್ಲಿ ಬಿಲ್ಲು ಮಾತ್ರ ಇವತ್ತಿಗೂ ಐದು ಮೇಜು ದಾಟಿ, ಐದು ಜನರ ಕಣ್ಣಿಗೆ ಬಿದ್ದು, ಐದನೆಯವರ ಮೂಡು ನೋಡಿಕೊಂಡೇ ಹೊರಬರಬೇಕು. ಮನುಷ್ಯನ ಕೆಲಸ ಕಸಿಯುವ ಈ ಯಂತ್ರ, ಪಾವತಿ ತಡೆಹಿಡಿಯುವವನ ಕೆಲಸಕ್ಕೆ ಕೈ ಹಾಕಿದ್ದು ಕಾಣೆ.

ಮೇಲಿನಿಂದ ಬಂದ ಉದ್ರಿಯನ್ನು ಕಂಪನಿ ತಾನೊಂದೇ ನುಂಗುತ್ತದೆಯೇ? ಇಲ್ಲ, ಕೆಳಕ್ಕೆ ದಾಟಿಸುತ್ತದೆ. ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತು ಮೀಟಿಂಗಿನಲ್ಲಿ ಬಂದರೆ ಈ ತಿಂಗಳ ಸಂಬಳ ಹತ್ತನೇ ತಾರೀಕಿಗೆ ಅಂತ ಹಳಬರು ಆಗಲೇ ಮನೆಗೆ ಮೆಸೇಜು ಹಾಕುತ್ತಾರೆ. ಕುಟುಂಬದಿಂದ ಹೊರಗೆ ಹೋಗುವುದೂ ಸಲೀಸಲ್ಲ: ನೋಟಿಸ್ ಅವಧಿ 90 ದಿನ. ಕ್ಲೈಂಟ್ ಕೊಡುವ 90ಕ್ಕೆ ಅಳುವ ಮಾಲೀಕರು, ನೌಕರನಿಂದ ಕೇಳುವ 90ಕ್ಕೆ ಹಿಗ್ಗುತ್ತಾರೆ. ಹುಡುಗರೇನು ಕಮ್ಮಿಯಿಲ್ಲ. ಆಫರ್ ಲೆಟರ್ ಜೇಬಿಗಿಟ್ಟುಕೊಂಡು, ಅದನ್ನೇ ತೋರಿಸಿ ಇನ್ನೆರಡು ಕಡೆ ಚೌಕಾಸಿ ಮಾಡಿ, ಸೇರುವ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್. ಅವರಿಗಾಗಿ ಕೊಂಡ ಲ್ಯಾಪ್‌ಟಾಪು ಡಬ್ಬಿಯಲ್ಲೇ ಕೂತು ಮುಂದಿನ ಆಫರ್ ಲೆಟರಿನ ದಾರಿ ಕಾಯುತ್ತದೆ.

ಬಿಟ್ಟುಹೋದವರ ಬಾಕಿಯನ್ನು ಎರಡು ಕೆಲಸದ ದಿನದಲ್ಲಿ ತೀರಿಸಿ ಎಂದು 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಹೇಳುತ್ತದೆ. ‘ನಮ್ಮ ಪಾಲಿಸಿ ಪ್ರಕಾರ 45 ದಿನ ಆಗತ್ತೆ’ ಎಂದು ಎಚ್‌ಆರ್ ಹೇಳುತ್ತಾರೆ. ಆ 45 ಅನ್ನುವ ಸಂಖ್ಯೆಗೆ ಈ ಆಫೀಸಿನಲ್ಲಿ ಸಿಕ್ಕ ಏಕೈಕ ಮರ್ಯಾದೆ ಇದು.

ಆಯುಧ ಪೂಜೆಯ ದಿನ ಲ್ಯಾಪ್‌ಟಾಪ್‌ಗಳಿಗೆಲ್ಲ ಅರಿಶಿನ ಕುಂಕುಮ, ಸರ್ವರ್ ಕೋಣೆಗೆ ಮಾವಿನ ತೋರಣ, ಬಾಗಿಲಲ್ಲಿ ಬೂದುಗುಂಬಳ. ಬೋನಸ್ಸಿನ ಬದಲು ಕಾಲು ಕೆಜಿ ಸ್ವೀಟ್ ಬಾಕ್ಸ್. ಅಕೌಂಟ್ಸ್ ಮೇಡಂ ಮಾತ್ರ ತಮ್ಮ ಮೇಜಿನ ಲ್ಯಾಂಡ್‌ಲೈನ್ ಫೋನಿಗೆ ಕುಂಕುಮವಿಟ್ಟು, ಎರಡು ಸೇವಂತಿಗೆ ಏರಿಸಿ ಕೈಮುಗಿಯುತ್ತಾರೆ. ಇಡೀ ಕಂಪನಿಯಲ್ಲಿ ನಿಜವಾದ ಆಯುಧ ಯಾವುದೆಂದು ಬಲ್ಲವರು ಅವರು.

ಪೂಜೆ ಮುಗಿದು ಕಡ್ಲೆಪುರಿ ಹಂಚುವ ಹೊತ್ತಿಗೆ ಮಾಲೀಕರಿಗೆ ಶಿವಮೊಗ್ಗದಿಂದ ಫೋನು. ಆರು ತಿಂಗಳ ಹಿಂದೆ ಆ್ಯಪ್ ಡಿಸೈನ್ ಮಾಡಿಕೊಟ್ಟ ಹುಡುಗಿ. ಮನೆಯಲ್ಲೇ ಕೂತು ಕೆಲಸ ಮಾಡುವವಳು, ಬಿಲ್ 40 ಸಾವಿರ.

‘ಸರ್, ಹಬ್ಬಕ್ಕೆ ಮುಂಚೆ ಹಾಕ್ತೀನಿ ಅಂದಿದ್ರಿ…’

‘ಕ್ಲೈಂಟ್ ಇನ್ನೂ ಕೊಟ್ಟಿಲ್ಲಮ್ಮ, ಬಂದ ತಕ್ಷಣ ನಿಮ್ಮದೇ ಮೊದಲು’ ಎಂದರು. ಕ್ಲೈಂಟ್ ಆ ಬಿಲ್ಲನ್ನು ತೀರಿಸಿ ಎರಡು ತಿಂಗಳಾಗಿತ್ತು, 179ನೇ ದಿನವಲ್ಲ, ಅಪರೂಪಕ್ಕೆ ಬೇಗನೇ. ಅದು ಓಡಿ ಖಾತೆಗೆ ಬಿದ್ದದ್ದೇ ತಡ, ಮಾಯ. ಹುಡುಗಿ ಸುಮ್ಮನಾದಳು. ಆ ಮೌನ ಇವರಿಗೂ ಗುರುತಿನದ್ದೇ. ವಾರಕ್ಕೆ ನಾಲ್ಕು ಸಲ ಇದೇ ಫೋನಿನಲ್ಲಿ ತಾವೇ ಹಿಡಿಯುವಂಥದ್ದು. ಮನಸ್ಸು ಕರಗಿತು. ಹೊಸದೊಂದು ಕೆಲಸ ಇದೆ, ನಿಮಗೇ ಕೊಡುತ್ತೇನೆ ಎಂದರು. ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿ ಕೇಳಿದರು:

‘ಅಂದಹಾಗೆ, ನೀವು ಉದ್ಯಮ್ ನೋಂದಣಿ ಮಾಡಿಸಿದೀರಾ?’

‘ಇಲ್ಲ ಸರ್. ಮಾಡಿಸ್ಬೇಕಾ?’

‘ಬೇಡ ಬೇಡ, ಅದೆಲ್ಲ ಸುಮ್ಮನೆ ತಲೆನೋವು. ನಾಳೆನೇ ಕೆಲಸ ಶುರು ಮಾಡಿಬಿಡಿ.’