ಕಂದು ಬಾಟಲಿಯ ಕಾರುಬಾರು

ನ್ಯೂಜೆರ್ಸಿಯಲ್ಲಿ ಕನ್ನಡದವರ ಮನೆಗೆ ಹೋದರೆ ದೇವರ ಮನೆ ಎಲ್ಲಿ ಅಂತ ಕೇಳಿ ತಿಳಿದುಕೊಳ್ಳಬೇಕು. ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿ ಇರಬಹುದು, ಮೈಕ್ರೋವೇವಿನ ಪಕ್ಕದ ಕಪಾಟಿನಲ್ಲೂ ಇರಬಹುದು. ಹೈಡ್ರೋಜನ್ ಪೆರಾಕ್ಸೈಡ್ ಎಲ್ಲಿದೆ ಅಂತ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಸಿಂಕಿನ ಕೆಳಗೆ ಬಗ್ಗಿದರೆ ಆಯಿತು: ಕಂದು ಬಾಟಲಿ, ಬಿಳಿ ಮುಚ್ಚಳ, ಮೇಲೆ 3% ಅಂತ ಬರಹ. ಬೆಲೆ ಒಂದೆರಡು ಡಾಲರು. ಮಸಾಲೆ ದೋಸೆಗೆ ಅದರ ಹತ್ತು ಪಟ್ಟು ಕೊಡುವ ಊರಿನಲ್ಲಿ ಇಷ್ಟು ಅಗ್ಗದ ಸಾಮಾನು ಕಂಡರೆ ನಮ್ಮವರಿಗೆ ಮೊದಲು ಅನುಮಾನ, ಆಮೇಲೆ ಭಕ್ತಿ.

ನಮ್ಮನೆಯಲ್ಲಿ ಭಕ್ತಿ ಹೆಚ್ಚಿದ್ದು ಅತ್ತೆ ಮಾವ ತುಮಕೂರಿನಿಂದ ಬಂದ ಮೇಲೆ. ಮಾವ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು, ಹಾಗಾಗಿ ಥಿಯರಿ ಅವರದು. ಅತ್ತೆಗೆ ಕೆಮಿಸ್ಟ್ರಿ ಗೊತ್ತಿಲ್ಲ, ಹಾಗಾಗಿ ಪ್ರಾಕ್ಟಿಕಲ್ಸ್ ಅವರದು.

"1818ರಲ್ಲಿ ಫ್ರಾನ್ಸಿನ ತೆನಾರ್ ಕಂಡುಹಿಡಿದದ್ದು ಇದು," ಅಂತ ಮಾವ ಬಾಟಲಿ ಎತ್ತಿ ಹಿಡಿದು ಶುರುಮಾಡಿದರು. "ನೀರಿಗೆ ಒಂದು ಆಕ್ಸಿಜನ್ ಜಾಸ್ತಿ, ಅಷ್ಟೆ. ಆ ಜಾಸ್ತಿ ಒಂದು ಯಾವಾಗ ಬಿಟ್ಟು ಓಡೋಣ ಅಂತ ಕಾಯ್ತಾ ಇರುತ್ತೆ. ಎಲ್ಲ ರಗಳೆ ಅದರದೇ."

"ಸಂಸಾರದಲ್ಲಿ ಒಬ್ಬರು ಜಾಸ್ತಿ ಆದ್ರೂ ಹಾಗೇ," ಅಂದರು ಅತ್ತೆ. ಯಾರನ್ನು ಕುರಿತು ಹೇಳಿದರೋ ಗೊತ್ತಾಗಲಿಲ್ಲ. ನಾನು ಕೇಳಲಿಲ್ಲ, ನಮ್ಮ ಯಜಮಾನರೂ ಕೇಳಲಿಲ್ಲ.

ಅತ್ತೆಯ ಮೊದಲ ಪ್ರಾಕ್ಟಿಕಲ್, ಪೆರಾಕ್ಸೈಡನ್ನು ಹಾರ್ಲಿಕ್ಸ್ ಬಾಟಲಿಗೆ ಬಗ್ಗಿಸುವುದು. ನಮ್ಮ ಕಡೆ ಯಾವ ಪದಾರ್ಥವೂ ತಾನು ಬಂದ ಡಬ್ಬಿಯಲ್ಲಿ ಉಳಿಯುವುದಿಲ್ಲವಲ್ಲ. ಮಾವ ಓಡಿಬಂದು ತಡೆದರು. ಬೆಳಕು ಬಿದ್ದರೆ ಪೆರಾಕ್ಸೈಡ್ ಬರೀ ನೀರಾಗುತ್ತದೆ, ಕಂದು ಬಾಟಲಿ ಅದಕ್ಕೇ ಇರುವುದು. ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಗಾಳಿ ತುಂಬಿ ಬಾಟಲಿ ಒಡೆಯಲೂಬಹುದು. ಇದೆಲ್ಲ ಹೇಳಿದರೂ ಅತ್ತೆಗೆ ನಾಟಲಿಲ್ಲ. "ಮಕ್ಕಳು ನೀರು ಅಂತ ಕುಡಿದುಬಿಟ್ರೆ?" ಅಂದ ಕೂಡಲೇ ನಾಟಿತು.

ನಿಜವಾದ ಪರೀಕ್ಷೆ ಬಂದದ್ದು ಅಡುಗೆಮನೆಯ ಕಟ್ಟೆಯಲ್ಲಿ. ನಮ್ಮದು ಬಾಡಿಗೆ ಅಪಾರ್ಟ್‌ಮೆಂಟು. ಕಟ್ಟೆ ಅಚ್ಚ ಬಿಳಿ. ಅರಿಶಿನ ಅನ್ನುವ ವಸ್ತು ಪ್ರಪಂಚದಲ್ಲಿದೆ ಅಂತ ಗೊತ್ತಿಲ್ಲದವರು ಕಟ್ಟಿಸಿದ್ದು. ಮನೆ ಬಿಡುವಾಗ ಕಲೆ ಕಂಡರೆ ಡಿಪಾಸಿಟ್ಟಿಗೆ ಕತ್ತರಿ. ಹೀಗಿರುವಾಗ ಒಂದು ದಿನ ಚಿತ್ರಾನ್ನದ ಒಗ್ಗರಣೆ ಚೆಲ್ಲಿ, ಸ್ಟೋವಿನ ಪಕ್ಕ ಅಂಗೈಯಗಲ ಹಳದಿ. ಪಕ್ಕದ ಮನೆಯ ತೆಲುಗು ಆಂಟಿ ಬೇಕಿಂಗ್ ಸೋಡಾ ಹಾಕಿ ಅಂತ ಫೋನಿನಲ್ಲೇ ಹೇಳಿದರು. ಅತ್ತೆ ಸೋಡಾಪುಡಿ ಉದುರಿಸಿ, ನಾಲ್ಕು ಹನಿ ನೀರು ಚಿಮುಕಿಸಿ ತಿಕ್ಕಿದರು. ಹಳದಿ ಹೋಗಲಿಲ್ಲ, ಕೆಂಪಾಯಿತು. ಕಟ್ಟೆಯ ಮೇಲೆಲ್ಲ ಕೆಂಪು ನೀರು ಹರಿಯಿತು.

ನನಗೆ ಕಣ್ಣೆದುರು ಡಿಪಾಸಿಟ್ ಚೆಕ್ಕು ಹಾರಿಹೋಯಿತು. ಅತ್ತೆ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತು, "ಅಯ್ಯೋ, ಓಕುಳಿ ಕಣೇ ಇದು!" ಅಂತ ಖುಷಿಪಟ್ಟರು. ಸರಿಯಾಗೇ ಹೇಳಿದ್ದರು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಆರತಿ ನೀರಿನ ಕೆಂಪಿಗೂ, ಸೋಡಾ ಬಿದ್ದ ಈ ಕೆಂಪಿಗೂ ಕಾರಣ ಒಂದೇ. ಕ್ಷಾರ ತಾಗಿದರೆ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಮದುಮಕ್ಕಳ ದೃಷ್ಟಿ ತೆಗೆಯುವ ಹೆಂಗಸರೆಲ್ಲ ಈ ಪ್ರಯೋಗ ಮಾಡುತ್ತಲೇ ಬಂದಿದ್ದಾರೆ, ಯಾರಿಗೂ ಮಾರ್ಕ್ಸ್ ಸಿಕ್ಕಿಲ್ಲ.

ಆಗ ಕಂದು ಬಾಟಲಿಗೆ ಕರೆ ಹೋಯಿತು. ಸೋಡಾ ತೊಳೆದು, ಪೇಪರ್ ಟವೆಲನ್ನು ಪೆರಾಕ್ಸೈಡಿನಲ್ಲಿ ನೆನೆಸಿ ಕಲೆಯ ಮೇಲೆ ಹಾಸಿ, ಆರದ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಹಳದಿ ಅರ್ಧ ಇಳಿದಿತ್ತು. ಮಿಕ್ಕಿದ್ದನ್ನು ಕಿಟಕಿಯ ಬಿಸಿಲು ನೋಡಿಕೊಂಡಿತು, ಬಿಸಿಲೆಂದರೆ ಅರಿಶಿನದ ಬಣ್ಣಕ್ಕೆ ಆಗದು. ಕ್ರಿಮಿ ಕೊಲ್ಲಲು ಮಾಡಿದ ದ್ರಾವಣಕ್ಕೆ ಕನ್ನಡದ ಮನೆಗಳಲ್ಲಿ ಅರಿಶಿನ ತೆಗೆಯುವುದೇ ಮುಖ್ಯ ಉದ್ಯೋಗ ಅನ್ನುವುದು ನನ್ನ ಅಭಿಪ್ರಾಯ. ಅರಿಶಿನವೂ ಕ್ರಿಮಿನಾಶಕ ಅಂತಲೇ ನಮ್ಮ ಹಿರಿಯರು ಹೇಳುತ್ತಿದ್ದುದು. ಇಬ್ಬರು ಡಾಕ್ಟರು ಒಂದೇ ಬೀದಿಯಲ್ಲಿ ಇರಬಾರದು.

ಆ ಗೆಲುವಿನಿಂದ ಅತ್ತೆಯ ಧೈರ್ಯ ಬೆಳೆಯಿತು. ಕಟಿಂಗ್ ಬೋರ್ಡಿಗೆ ಹಾಕಿದರು. "ಹಾಕಿದ ಕೂಡಲೇ ಒರೆಸಬೇಡ, ಐದು ಹತ್ತು ನಿಮಿಷ ಹಸಿಯಾಗಿರಲಿ," ಅಂತ ಮಾವ ವಾಚು ಹಿಡಿದು ನಿಂತರು. ರಕ್ತ ಹತ್ತಿದ ಬಿಳಿ ಶರ್ಟಿಗೆ ಹಾಕಿದರು, ಕಲೆ ಹೋಯಿತು. ನಮ್ಮ ಯಜಮಾನರ ಬಣ್ಣದ ಶರ್ಟಿಗೂ ಹಾಕಿದರು, ಬಣ್ಣವೂ ಹೋಯಿತು. ಇನ್ನೂ ಗಟ್ಟಿಯಾಗಲಿ ಅಂತ ವಿನಿಗರ್ ಸೇರಿಸಲು ಹೋದಾಗ ಮಾವನ ಧ್ವನಿ ಕ್ಲಾಸ್‌ರೂಮಿನಷ್ಟು ಏರಿತು: ಎರಡೂ ಸೇರಿದರೆ ಪೆರಾಸಿಟಿಕ್ ಆಮ್ಲ, ಕಣ್ಣು ಮೂಗು ಗಂಟಲು ಎಲ್ಲ ಉರಿ. ಬ್ಲೀಚಿನ ಹತ್ತಿರವಂತೂ ಒಯ್ಯಲೇಬಾರದು.

ಮಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಅತ್ತೆ ಬಾಟಲಿ ಹಿಡಿದೇ ಕಾದಿದ್ದರು. ಸುರಿದರು. ಬುಸ್ ಅಂತ ಬಿಳಿ ನೊರೆ ಎದ್ದಿತು. "ನೋಡು, ಕ್ರಿಮಿ ಎಲ್ಲ ಸಾಯ್ತಾ ಇದೆ!" ಹುಡುಗ ಉರಿ ಮರೆತು ಬಾಯಿ ಬಿಟ್ಟುಕೊಂಡು ನೋಡಿದ. ಮಾರನೆಯ ದಿನ ಮಕ್ಕಳ ಡಾಕ್ಟರು, ಇನ್ನು ಇದನ್ನು ಹಾಕಬೇಡಿ, ಗಾಯ ಕೂಡಿಸುವ ಜೀವಕೋಶಗಳನ್ನೇ ಇದು ಸುಡುತ್ತದೆ, ಸೋಪು ನೀರಿನಲ್ಲಿ ತೊಳೆದು ವ್ಯಾಸಲೀನ್ ಹಚ್ಚಿ ಬ್ಯಾಂಡೇಜ್ ಹಾಕಿದರೆ ಸಾಕು ಅಂದರು. ಸೋಪು ನೀರು ಅಂತ ಹೇಳಿಸಿಕೊಳ್ಳಲು ಇನ್ಶೂರೆನ್ಸ್ ಇದ್ದರೂ ಕೈಯಿಂದ ಕೋಪೇ ಕಟ್ಟಬೇಕಾಯಿತಲ್ಲ ಅಂತ ಅತ್ತೆಗೆ ಕೋಪ ಬಂತು.

"ಹಾಗಾದ್ರೆ ಆ ನೊರೆ?"

ಮಾವ ಉತ್ತರ ಹೇಳದೆ ಒಂದು ಆಲೂಗಡ್ಡೆ ಹೆಚ್ಚಿ, ಮೇಲೆ ನಾಲ್ಕು ಹನಿ ಬಿಟ್ಟರು. ಅದೇ ಬುಸ್, ಅದೇ ನೊರೆ. ಕ್ಯಾಟಲೇಸ್ ಅಂತ ಒಂದು ಕಿಣ್ವ, ರಕ್ತದಲ್ಲೂ ಇದೆ, ಆಲೂಗಡ್ಡೆಯಲ್ಲೂ ಇದೆ. ಪೆರಾಕ್ಸೈಡನ್ನು ಕಂಡರೆ ನೀರು ಬೇರೆ, ಆಕ್ಸಿಜನ್ ಬೇರೆ ಮಾಡುತ್ತದೆ. "ಈ ಆಲೂಗಡ್ಡೆಗೇನು ಗಾಯ ಆಗಿದೆಯಾ, ಕೀವು ಆಗಿದೆಯಾ?" ಅಂತ ಗೆದ್ದವರ ಹಾಗೆ ಕೇಳಿದರು.

ಅತ್ತೆ ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಮೆರಿಕದ ಆಲೂಗಡ್ಡೆ. ಏನೇನು ಹಾಕಿ ಬೆಳೆದಿರ್ತಾರೋ."

ಆ ವಾರ ನಮ್ಮನೆಯಲ್ಲಿ ಆಲೂಗಡ್ಡೆ ಪಲ್ಯ ಆಗಲಿಲ್ಲ.

ಅತ್ತೆಯನ್ನೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಟಿಂಚರ್ ಅಯೋಡಿನ್ ಹಚ್ಚಿಸಿಕೊಂಡು ಬೀದಿಗೆ ಕೇಳುವಂತೆ ಕಿರುಚಿ ಬೆಳೆದವರು ನಾವು. ಉರಿಯದ ಔಷಧ ನಮಗೆ ಔಷಧವೇ ಅಲ್ಲ. ಸೋಪು ನೀರು ಪಾಪ, ಸದ್ದಿಲ್ಲದೆ ಕೆಲಸ ಮುಗಿಸಿ ಮೋರಿ ಸೇರುತ್ತದೆ. ನೊರೆ ಹಾಗಲ್ಲ, ಕೆಲಸ ಮಾಡಲಿ ಬಿಡಲಿ ಹಾಜರಿ ಹಾಕುತ್ತದೆ.

ನಗು ನಿಂತದ್ದು ಒಮ್ಮೆ ಮಾತ್ರ. ಹ್ಯೂಸ್ಟನ್ನಿನಲ್ಲಿರುವ ಅತ್ತೆಯ ಚಿಕ್ಕಮ್ಮನ ಮಗಳಿಂದ ವಾಟ್ಸಾಪ್ ಬಂತು: 35% 'ಫುಡ್ ಗ್ರೇಡ್' ಪೆರಾಕ್ಸೈಡ್, ದಿನಾ ನೀರಿಗೆ ಕೆಲವು ಹನಿ, ಸಕಲ ರೋಗ ಮಾಯ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಇದನ್ನು ಕುಡಿಯಬೇಡಿ ಅಂತ ಅಮೆರಿಕದ ಎಫ್‌ಡಿಎ 2006ರಲ್ಲೇ ಎಚ್ಚರಿಸಿದೆ. ಹೊಟ್ಟೆಗೆ ಹೋದರೆ ತನ್ನ ಗಾತ್ರದ ನೂರು ಪಟ್ಟಿಗೂ ಮೀರಿ ಆಕ್ಸಿಜನ್ ಬಿಡುತ್ತದೆ. ಗಂಟಲು, ಕರುಳು ಸುಡುತ್ತವೆ. ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ಪ್ರಾಣಕ್ಕೇ ಕುತ್ತು. "1984ರಲ್ಲಿ ರಾಕೇಶ್ ಶರ್ಮಾ ಹೋದರಲ್ಲ, ಆ ಸೋಯುಜ್ ರಾಕೆಟ್ಟಿನ ಪಂಪು ತಿರುಗಿಸಿದ್ದು ಗಾಢ ಪೆರಾಕ್ಸೈಡು. ನಿನ್ನ ತಂಗಿಗೆ ಹೇಳು, ಅವಳು ಎಲ್ಲಿಗೂ ಹಾರಬೇಕಾಗಿಲ್ಲ." ಅತ್ತೆ ಮೆಸೇಜು ಬರೆಯದೆ ಆಗಲೇ ಫೋನ್ ಮಾಡಿ, ಅಷ್ಟನ್ನೂ ಚೆಲ್ಲಿಸಿದರು.

ಅಲ್ಲಿಂದಾಚೆಗೆ ಅತ್ತೆ ಕಂಡ ಡಬ್ಬಿಯ ಲೇಬಲನ್ನೆಲ್ಲ ಓದತೊಡಗಿದರು. ಮಾವ ಬಾತ್‌ರೂಮಿನಲ್ಲಿ ಮುಚ್ಚಿಟ್ಟಿದ್ದ ಹೇರ್‌ಡೈ ಪೊಟ್ಟಣವೂ ಸಿಕ್ಕಿತು. "ರೀ, ಇದರಲ್ಲೂ ಅದೇ ಇದೆಯಲ್ರೀ!" ಹೌದು, ಕೂದಲೊಳಗೆ ಡೈ ಕಪ್ಪಾಗಲು ಪೆರಾಕ್ಸೈಡೇ ಬೇಕು. ಸಿಕ್ಕಿಬಿದ್ದ ಮಾವ ಥಿಯರಿಯ ಮೊರೆಹೊಕ್ಕರು: ವಯಸ್ಸಾದಂತೆ ಕೂದಲ ಬುಡದಲ್ಲಿ ಇದೇ ಪೆರಾಕ್ಸೈಡ್ ಸೇರಿ ಕೂದಲು ನರೆಯುತ್ತದೆ ಅಂತ 2009ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ.

"ಬೆಳ್ಳಗೆ ಮಾಡೋದೂ ಅದೇ, ಕರ್ರಗೆ ಮಾಡೋದೂ ಅದೇ. ಬೆಳ್ಳಗಾಗೋದು ಪುಕ್ಕಟೆ. ಕರ್ರಗಾಗೋಕೆ ಯಾಕ್ರೀ ದುಡ್ಡು?"

ಮಾವನ ಹತ್ತಿರ ಅದಕ್ಕೆ ಥಿಯರಿ ಇರಲಿಲ್ಲ.

ಊರಿಗೆ ಹೊರಡುವ ಮುನ್ನ ಸೂಟ್‌ಕೇಸಿನಲ್ಲಿ ಬಾದಾಮಿ, ವಿಟಮಿನ್ ಮಾತ್ರೆಗಳ ನಡುವೆ, ಹಳೆ ಸೀರೆಯಲ್ಲಿ ಸುತ್ತಿದ ಕಂದು ಬಾಟಲಿಗಳು ಕಂಡವು. ಮಾವ ತಲೆ ಚಚ್ಚಿಕೊಂಡರು. "ಇದು ಬರೀ 3%, ಅಂದ್ರೆ ಹತ್ತು ವಾಲ್ಯೂಮು ಕಣೇ! ತುಮಕೂರಿನ ಮೆಡಿಕಲ್ ಸ್ಟೋರಿನಲ್ಲಿ ಇಪ್ಪತ್ತು ವಾಲ್ಯೂಮಿಂದು ಸಿಗುತ್ತೆ. 6%! ಇವರದಕ್ಕಿಂತ ಡಬಲ್ಲು!" ಅಮೆರಿಕವನ್ನು ಮೀರಿಸಿದ ಸಂತೋಷ ಮುಖದಲ್ಲಿ ಕುಣಿಯುತ್ತಿತ್ತು.

ಅತ್ತೆ ಸೀರೆ ಬಿಚ್ಚಿ ಬಾಟಲಿಗಳನ್ನು ಒಂದೊಂದಾಗಿ ಹೊರಗಿಟ್ಟರು. "ಇಷ್ಟು ವರ್ಷ ಸಂಸಾರ ಮಾಡಿದೀನಿ, ಊರಲ್ಲೇ ಸಿಗುತ್ತೆ ಅಂತ ಒಂದು ದಿನ ಹೇಳಿದ್ರಾ?"

"ನೀನು ಕೇಳಿದ್ಯಾ? ಊರಲ್ಲಿ ನಮ್ಮ ಕಡಪ ಕಲ್ಲಿನ ಕಟ್ಟೆ ಮೇಲೆ ಅರಿಶಿನ ಚೆಲ್ಲಿದ್ರೆ ಯಾರಿಗೆ ಕಾಣ್ಸುತ್ತೆ?"

ಖಾಲಿಯಾದ ಜಾಗದಲ್ಲಿ ಇನ್ನೂ ಎರಡು ಪ್ಯಾಕೆಟ್ ಬಾದಾಮಿ ಹಿಡಿಸಿತು.