ಅರ್ಜಿ ಇಲ್ಲದೆ ವಿಧಾನಸೌಧಕ್ಕೆ

ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ನೋಡದ ಬೆಂಗಳೂರಿಗನಿಲ್ಲ. ಒಳಗೆ ಹೋಗಿ ನೋಡಿದವನು ಮಾತ್ರ ಅಪರೂಪ. ಕೆಲಸವಿಲ್ಲದೆ ಅಲ್ಲಿಗ್ಯಾರು ಹೋಗುತ್ತಾರೆ? 2025ರಲ್ಲಿ ಸರ್ಕಾರವೇ ಟಿಕೆಟ್ ಕೊಟ್ಟು ಒಳಗೆ ಕರೆಯತೊಡಗಿದಾಗ ಚನ್ನಪಟ್ಟಣದ ದೊಡ್ಡಪ್ಪನನ್ನು ಹೊರಡಿಸಿದೆ.

ದೊಡ್ಡಪ್ಪ ಗರಿಗರಿ ಪಂಚೆಯುಟ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು ಅವುಚಿಕೊಂಡು ಬಂದರು. ಅದರಲ್ಲಿ ಪಹಣಿ, ರೇಷನ್ ಕಾರ್ಡು, ಪಾಸ್‌ಪೋರ್ಟ್ ಅಳತೆಯ ಫೋಟೊ.

"ಬರೀ ನೋಡೋಕೆ ಹೋಗ್ತಿರೋದು ದೊಡ್ಡಪ್ಪ."

"ಬರಿಗೈಲಿ ಹೋದ್ರೆ ಯಾಕ್ ಬಂದೆ ಅನ್ನಲ್ವೇನ್ಲಾ?"

ಗೇಟಿನಲ್ಲಿ ಆಧಾರ್ ಕೇಳಿದ್ದೇ ತಡ, ಮೂಲಪ್ರತಿಯನ್ನೂ ಜೆರಾಕ್ಸನ್ನೂ ಒಟ್ಟಿಗೆ ಮುಂದಿಟ್ಟು, ಸ್ವೀಕೃತಿಗಾಗಿ ಕೈಚಾಚಿ ನಿಂತರು. ಪೊಲೀಸಪ್ಪ "ಹೋಗಿ ಯಜಮಾನ್ರೇ" ಅಂದ. ಸರ್ಕಾರದ ಆವರಣದಲ್ಲಿ ಇಷ್ಟು ಬೇಗ ಮುಂದಕ್ಕೆ ಹೋಗಿ ಎಂದದ್ದು ಅವರಿಗೆ ನಂಬಿಕೆಯಾಗಲಿಲ್ಲ. ಎರಡು ಸಲ ಹಿಂತಿರುಗಿ ನೋಡಿದರು.

ಎದುರಿನ ಆ ಭಾರಿ ಮೆಟ್ಟಿಲಸಾಲು ಪ್ರಮಾಣವಚನದಂಥ ಸಮಾರಂಭಗಳಿಗೆ. ದಿನನಿತ್ಯದವರಿಗೆಲ್ಲ ಪಕ್ಕದ ಬಾಗಿಲು. ಮೇಲೆ ಕಂಬ, ಗೋಪುರ, ಕಮಲದ ಕೆತ್ತನೆ ಕಂಡ ದೊಡ್ಡಪ್ಪ ಮೆಲ್ಲಗೆ ಚಪ್ಪಲಿ ಬಿಟ್ಟರು. ನಾನೂ ತಡೆಯಲಿಲ್ಲ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಗೋಡೆಯೇ ಹೇಳುವಾಗ ನನ್ನದೇನು?

ಗೈಡ್ ಹುಡುಗಿ ಶುರುಮಾಡಿದಳು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಮೊದಲಿನ ಸಾದಾ ನಕ್ಷೆಯನ್ನು ಕೆಂಗಲ್ ಹನುಮಂತಯ್ಯನವರು ಬದಲಾಯಿಸಿ ನಮ್ಮ ದೇವಸ್ಥಾನಗಳ ಶೈಲಿಗೆ ತಿರುಗಿಸಿದ್ದು, ದುಂದುವೆಚ್ಚವೆಂಬ ಟೀಕೆ ಎದ್ದದ್ದು, 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಅವರ ಮುಖ್ಯಮಂತ್ರಿಗಿರಿಯೂ ಮುಗಿದಿದ್ದು.

"ಕಟ್ಸಿದೋನೊಬ್ಬ, ಗೃಹಪ್ರವೇಶಕ್ಕೆ ಇನ್ನೊಬ್ಬ" ಎಂದು ದೊಡ್ಡಪ್ಪ ಲೊಚಗುಟ್ಟಿದರು. ಕೆಂಗಲ್ ಎಂಬ ಊರು ದೊಡ್ಡಪ್ಪನ ಊರಿನ ಪಕ್ಕದ್ದು; ಸಂಕಟ ಸ್ವಂತದ್ದೇ.

ಕೆಲಸಗಾರರಲ್ಲಿ ಬಹಳಷ್ಟು ಮಂದಿ ಕೈದಿಗಳೆಂದು ಕೇಳಿದಾಗ ಮಾತ್ರ ದೊಡ್ಡಪ್ಪ ನಿಂತುಬಿಟ್ಟರು. ಕಂಬದ ಗ್ರಾನೈಟಿಗೆ ಅಂಗೈ ಒತ್ತಿ, ಎರಡು ಕಲ್ಲು ಕೂಡುವ ಸಂದಿನಲ್ಲಿ ಉಗುರು ಇಳಿಯುತ್ತದೋ ಎಂದು ನೋಡಿದರು. ಇಳಿಯಲಿಲ್ಲ. "ಜೈಲಿನೋರು ಐದ್ ವರ್ಷದಲ್ಲಿ ಇಷ್ಟ್ ಕಟ್ಟವ್ರೆ. ನಮ್ ಹೊಲದ ಪೋಡಿ ನಿಮ್ ತಾತನ ಕಾಲದಿಂದ ಆಯ್ತಾನೇ ಅದೆ."

ಕೊನೆಗೆ ಹುಡುಗಿ, "ಏನಾದ್ರೂ ಪ್ರಶ್ನೆ ಇದೆಯಾ?" ಎಂದಳು. ದೊಡ್ಡಪ್ಪ ಕೈ ಎತ್ತಿದರು.

"ಇದರ ಖಾತೆ ಯಾರ ಹೆಸರಲ್ಲಿದೆ ತಾಯಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. "ನಗೋ ವಿಚಾರ ಅಲ್ಲ. ಆ ಹನುಮಂತಯ್ಯನೋರು ಇದ್ದಾಗ್ಲೇ ಮಾಡುಸ್ಕಬೇಕಿತ್ತು. ಈಗ ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ಕೇಳ್ತಾರೆ."